ಮನೆಯಲ್ಲೇ ಕಟ್ಟುವ ಮೆಲಮೈನ್ ಕಪಾಟು: ಬೋರ್ಡು, ಅಂಚು, ಹಿಂಜು, ಚಾನಲ್ಲು

ಗ್ರಾನೈಟ್ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆ, ಅದರ ಮುಂದೆ ಮರದ ಚೌಕಟ್ಟು, ಚೌಕಟ್ಟಿಗೆ ಬಾಗಿಲು. ಕರ್ನಾಟಕದ ಅಡುಗೆಮನೆಗಳಲ್ಲಿ ಬಹಳ ವರ್ಷ ನಡೆದುಬಂದ ಕ್ರಮ ಇದು. ಈಗ ಆ ಜಾಗಕ್ಕೆ ಒಂದರ ಪಕ್ಕ ಒಂದು ಕೂರುವ ಬಿಡಿ ಪೆಟ್ಟಿಗೆಗಳು ಬಂದಿವೆ. ಮಾಡ್ಯುಲರ್ ಕಿಚನ್ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಮೂಲತಃ ಇವೇ. ಅವುಗಳಲ್ಲಿ ಕಡಿಮೆ ಬೆಲೆಯವು ಹೆಚ್ಚಾಗಿ ಮೆಲಮೈನ್ ಹೊದಿಕೆಯ ಬೋರ್ಡಿನವು. ಅಂಗಡಿಯಲ್ಲಿ ಇದಕ್ಕೆ ಪ್ರೀಲ್ಯಾಮ್ ಎನ್ನುತ್ತಾರೆ.

ಇಂಥ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಉಳಿ, ಕೀಸುಳಿ ಹಿಡಿದು ಪಳಗಿದ ಕೈ ಬೇಕಿಲ್ಲ. ಪಾಲಿಶ್, ಬಣ್ಣದ ಗೊಡವೆ ಇಲ್ಲ. ಬೇಕಿರುವುದು ಮಿಲಿಮೀಟರಿನ ಲೆಕ್ಕ, ಒಂದು ಒಳ್ಳೆಯ ಡ್ರಿಲ್, ಮತ್ತು ಹಣವನ್ನು ಎಲ್ಲಿ ಹಾಕಬೇಕೆಂಬ ತಿಳಿವಳಿಕೆ. ಪ್ರೀಲ್ಯಾಮ್ ಕಪಾಟು ಕೆಟ್ಟಾಗ ನೋಡಿ: ಬೋರ್ಡಿನ ಮೈ ಬಹುತೇಕ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ನೀರು ಕುಡಿದು ಉಬ್ಬಿದ ಅಂಚು, ಜೋತುಬಿದ್ದ ಹಿಂಜು, ಸಿಕ್ಕಿಕೊಳ್ಳುವ ಡ್ರಾಯರ್. ಕೈಯಲ್ಲಿರುವ ಹಣ ಕಡಿಮೆಯಿದ್ದಷ್ಟೂ ಅದು ಮೊದಲು ಹೋಗಬೇಕಾದದ್ದು ಅಂಚಿಗೆ ಮತ್ತು ಚಲಿಸುವ ಭಾಗಗಳಿಗೆ.

## ಹೊದಿಕೆಯ ಒಳಗುಟ್ಟು

ಮೆಲಮೈನ್ ಸಾರಜನಕ ಹೇರಳವಾಗಿರುವ ಒಂದು ಬಿಳಿ ಪುಡಿ. 1834ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ಇದನ್ನು ಮೊದಲು ತಯಾರಿಸಿದರು. ಫಾರ್ಮಾಲ್ಡಿಹೈಡ್ ಜೊತೆ ಸೇರಿದಾಗ ಇದು ರಾಳವಾಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕಾಯಿಸಿದರೂ ಕರಗುವುದಿಲ್ಲ. ಬಣ್ಣ ಅಥವಾ ಮರದ ಗೆರೆ ಮುದ್ರಿಸಿದ ಕಾಗದವನ್ನು ಈ ರಾಳದಲ್ಲಿ ತೋಯಿಸಿ, ಒಣಗಿಸಿ, ಬೋರ್ಡಿನ ಮೇಲಿಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಪ್ರೀಲ್ಯಾಮ್ ಬೋರ್ಡು ಸಿದ್ಧ. ಬೇರೆ ಅಂಟು ಬೇಕಿಲ್ಲ, ರಾಳವೇ ಅಂಟು.

ನಾವು ಸನ್‌ಮೈಕಾ ಎಂದು ಕರೆಯುವ ಹಾಳೆ ಇದಕ್ಕಿಂತ ದಪ್ಪ. ಅದರಲ್ಲಿ ಫಿನಾಲಿಕ್ ರಾಳ ಕುಡಿಸಿದ ಹಲವು ಪದರ ಕಂದು ಕಾಗದವಿರುತ್ತದೆ, ಮೇಲಿನ ಪದರಗಳಿಗಷ್ಟೇ ಮೆಲಮೈನ್. ಪ್ರೀಲ್ಯಾಮ್ ಬೋರ್ಡಿನ ಮೇಲಿರುವುದು ಒಂದೇ ತೆಳು ಹೊದಿಕೆ. ಪೆಟ್ಟಿಗೆಗೆ, ಬಾಗಿಲಿಗೆ ಇದು ಧಾರಾಳ ಸಾಕು. ತರಕಾರಿ ಹೆಚ್ಚುವ, ಬಿಸಿ ಪಾತ್ರೆ ಇಳಿಸುವ ಕಟ್ಟೆಯ ಮೇಲ್ಮೈಗೆ ಸಾಲದು.

ಕೊಳ್ಳುವಾಗ ಎರಡೂ ಬದಿಗೆ ಹೊದಿಕೆ ಇರುವ ಬೋರ್ಡನ್ನೇ ಕೇಳಿ. ಒಂದೇ ಬದಿಗೆ ಹೊದಿಸಿದ್ದು ಅಗ್ಗ, ಆದರೆ ತೆರೆದ ಬದಿ ಮಳೆಗಾಲದ ತೇವವನ್ನು ಎಳೆದುಕೊಂಡು ಹಿಗ್ಗುತ್ತದೆ, ಮುಚ್ಚಿದ ಬದಿ ಹಾಗೇ ಇರುತ್ತದೆ. ಬಾಗಿಲು ಡೊಂಕಾಗಲು ಅಷ್ಟು ಸಾಕು.

## ಯಾವ ಬೋರ್ಡು, ಎಲ್ಲಿಗೆ

ಹೊದಿಕೆಯ ಕೆಳಗೆ ಇರುವುದು ಹೆಚ್ಚಾಗಿ ಪಾರ್ಟಿಕಲ್ ಬೋರ್ಡು, ಅಂದರೆ ಮರದ ಚಕ್ಕೆಗಳನ್ನು ರಾಳ ಹಾಕಿ ಒತ್ತಿದ ಹಲಗೆ. ಮರದ ನಾರನ್ನು ಒತ್ತಿದ್ದು ಎಂಡಿಎಫ್. ಅದನ್ನೇ ಹೆಚ್ಚು ಸಾಂದ್ರವಾಗಿ, ತೇವ ತಡೆಯುವಂತೆ ಮಾಡಿದ್ದು ಎಚ್‌ಡಿಎಚ್‌ಎಂಆರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಪ್ರೀಲ್ಯಾಮ್ ಪಾರ್ಟಿಕಲ್ ಬೋರ್ಡಿಗೆ ಇರುವ ಭಾರತೀಯ ಮಾನಕ ಐಎಸ್ 12823, ಪ್ರೀಲ್ಯಾಮ್ ಎಂಡಿಎಫ್‌ಗೆ ಐಎಸ್ 14587. ಐಎಸ್ 12823ರಲ್ಲಿ ಎರಡು ದರ್ಜೆಗಳಿವೆ: ತೇವವನ್ನು ಹೆಚ್ಚು ತಾಳುವ ಗ್ರೇಡ್ 1, ಒಣ ಕೋಣೆಗಳಿಗೆ ಗ್ರೇಡ್ 2. ಅಡುಗೆಮನೆಗೆ ಗ್ರೇಡ್ 1 ಕೇಳಿ. ಬೋರ್ಡಿನ ಮೇಲೆ ಮುದ್ರೆ ಇದೆಯೇ ಎಂದು ನೀವೇ ನೋಡಿ. ಮಲಗುವ ಕೋಣೆಯ ವಾರ್ಡ್‌ರೋಬಿಗೆ ಗ್ರೇಡ್ 2 ನಡೆಯುತ್ತದೆ.

ರಾಳದಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬೀಳುತ್ತದೆ. ಹೊಸ ಕಪಾಟಿನ ಬಾಗಿಲು ತೆರೆದಾಗ ಕಣ್ಣು ಉರಿಯುವುದು ಇದರಿಂದಲೇ. ಇ1 ಎಂಬ ಗುರುತಿರುವ ಬೋರ್ಡಿನಲ್ಲಿ ಈ ಸೋರಿಕೆಗೆ ಮಿತಿ ಇದೆ. ಅನಿಲ ಹೊರಬರುವ ಮುಖ್ಯ ದಾರಿ ಹೊದಿಕೆಯಿಲ್ಲದ ಅಂಚು ಮತ್ತು ತೂತುಗಳು. ಹಾಗಾಗಿ ಅಂಚು ಕಟ್ಟುವುದು ನೀರಿನಿಂದ ಬೋರ್ಡನ್ನು ಕಾಪಾಡುವುದಷ್ಟೇ ಅಲ್ಲ, ಮನೆಯವರ ಉಸಿರನ್ನೂ ಕಾಪಾಡುತ್ತದೆ.

ಅಡುಗೆಮನೆಯಲ್ಲಿ ಮೂರು ಕಡೆ ಪಾರ್ಟಿಕಲ್ ಬೋರ್ಡು ಬೇಡವೇ ಬೇಡ. ಮೊದಲನೆಯದು ಸಿಂಕ್ ಕೆಳಗೆ. ಅಲ್ಲಿ ಐಎಸ್ 710 ಮರೈನ್ ಪ್ಲೈವುಡ್ ಅಥವಾ ಪಿವಿಸಿ ಬೋರ್ಡು ಹಾಕಿ. ಎರಡನೆಯದು ನೆಲಕ್ಕೆ ತಾಗುವ ಸ್ಕರ್ಟಿಂಗ್. ನಮ್ಮ ಮನೆಗಳಲ್ಲಿ ನೆಲಕ್ಕೆ ನೀರು ಹಾಕಿ ತೊಳೆಯುತ್ತೇವೆ. ಯುರೋಪಿನ ಅಡುಗೆಮನೆಗೆಂದು ರೂಪಿಸಿದ ಕ್ರಮವನ್ನು ಇಲ್ಲಿ ಹಾಗೇ ತಂದರೆ ಒಂದೆರಡು ವರ್ಷದಲ್ಲಿ ಸ್ಕರ್ಟಿಂಗ್ ಉಬ್ಬಿ ಪುಡಿಯಾಗುತ್ತದೆ. ಪೆಟ್ಟಿಗೆ 100 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಲ್ಲಲಿ, ಮುಂದಿನ ಪಟ್ಟಿ ಪಿವಿಸಿಯದಾಗಲಿ. ಗೆದ್ದಲು ಮೇಲೇರುತ್ತಿದ್ದರೂ ಪಟ್ಟಿ ಕಳಚಿ ನೋಡಿದಾಗ ಕಣ್ಣಿಗೆ ಬೀಳುತ್ತದೆ.

ಮೂರನೆಯದು ಸಿಲಿಂಡರ್ ಇಡುವ ಜಾಗ. ಅದಕ್ಕೆ ತಳವೂ ಬೇಡ, ಹಿಂಬದಿಯೂ ಬೇಡ, ಬಾಗಿಲೊಂದೇ ಇರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಮಡುಗಟ್ಟುತ್ತದೆ. ಬಾಗಿಲಿನ ಕೆಳಭಾಗದಲ್ಲಿ ಗಾಳಿ ಆಡುವ ಕಿಂಡಿ ಇರಲೇಬೇಕು.

## ಐದು ಬೋರ್ಡು, ಆರು ಪೆಟ್ಟಿಗೆ

ಬೋರ್ಡು ಸಿಗುವುದು 8 ಅಡಿಗೆ 4 ಅಡಿ ಅಳತೆಯಲ್ಲಿ, ಅಂದರೆ 2440 × 1220 ಮಿ.ಮೀ. ಪೆಟ್ಟಿಗೆಗೂ ಬಾಗಿಲಿಗೂ 18 ಮಿ.ಮೀ. ದಪ್ಪದ್ದು ವಾಡಿಕೆ. ಒಂದೊಂದು ಬೋರ್ಡು ಸುಮಾರು 36 ಕಿಲೋ ತೂಗುತ್ತದೆ, ಮನೆಗೆ ತಂದು ಕೊಯ್ಯುವವರು ಎರಡನೆಯ ಕೈಯನ್ನು ಹೊಂದಿಸಿಕೊಳ್ಳಬೇಕು.

ಕಟ್ಟೆಯ ಕೆಳಗಿನ ಒಂದು ಪೆಟ್ಟಿಗೆಯನ್ನು ತೆಗೆದುಕೊಳ್ಳೋಣ: ಅಗಲ 600, ಎತ್ತರ 720, ಆಳ 560 ಮಿ.ಮೀ. ಕಾಲು 100, ಗ್ರಾನೈಟ್ 20 ಸೇರಿದರೆ ಕಟ್ಟೆಯ ಎತ್ತರ 840 ಆಗುತ್ತದೆ. ಎರಡು ಪಕ್ಕೆಗಳು 720 × 560. ತಳ ಪಕ್ಕೆಗಳ ನಡುವೆ ಕೂರುವುದರಿಂದ ಎರಡು ದಪ್ಪ ಕಳೆಯಬೇಕು: 600ರಲ್ಲಿ 36 ಕಳೆದರೆ 564, ಹಾಗಾಗಿ ತಳ 564 × 560. ಮೇಲೆ ಪೂರ್ತಿ ಹಲಗೆ ಬೇಡ, ಗ್ರಾನೈಟ್ ಇದೆ. ಹಿಂದೆ ಮುಂದೆ 564 × 80ರ ಎರಡು ಅಡ್ಡಪಟ್ಟಿ ಸಾಕು.

ಈಗ ಬೋರ್ಡನ್ನು ಉದ್ದಕ್ಕೆ 560ರ ಎರಡು ಪಟ್ಟಿಯಾಗಿ ಸೀಳಿ. ಗರಗಸದ ಬ್ಲೇಡು ಪ್ರತಿ ಕೊಯ್ತಕ್ಕೆ 4 ಮಿ.ಮೀ.ವರೆಗೆ ತಿನ್ನುತ್ತದೆ, ಕಾರ್ಖಾನೆಯ ಅಂಚನ್ನು ನೇರ ಮಾಡಲು ಇನ್ನೈದು ಹೋಗುತ್ತದೆ ಎಂದುಕೊಂಡರೂ ಬದಿಯಲ್ಲಿ 85ರಷ್ಟು ಅಗಲದ ಪಟ್ಟಿ ಉಳಿಯುತ್ತದೆ. ಅದರಲ್ಲಿ 564 ಉದ್ದದ ನಾಲ್ಕು ಅಡ್ಡಪಟ್ಟಿ ಬರುತ್ತವೆ. 560ರ ಒಂದೊಂದು ಪಟ್ಟಿಯಲ್ಲಿ ಎರಡು ಪಕ್ಕೆ, ಒಂದು ತಳ ತೆಗೆದ ಮೇಲೆ ಉಳಿಯುವುದು ಸುಮಾರು 415. ಆ ತುಂಡನ್ನು ತಿರುಗಿಸಿದರೆ 560 ಅಗಲ, 415 ಆಳದ ಶೆಲ್ಫ್. ಒಳಗಿನ ತೆರವು 564, ಆಚೀಚೆ ಎರಡೆರಡು ಮಿ.ಮೀ. ಸಡಿಲ ಬಿಟ್ಟು ಸರಿಯಾಗಿ ಕೂರುತ್ತದೆ. ಶೆಲ್ಫ್ ಪೂರ್ತಿ ಆಳ ಇಲ್ಲದಿರುವುದು ಒಳ್ಳೆಯದೇ. ಕೆಳಗಿನ ಸಾಲಿನ ಹಿಂದಿರುವ ಡಬ್ಬ ಬಗ್ಗಿ ತಡಕಾಡದೆ ಕಾಣುತ್ತದೆ. ಮರದ ಗೆರೆಯ ವಿನ್ಯಾಸವಾದರೆ ಈ ತಿರುಗಿಸಿದ ತುಂಡಿನಲ್ಲಿ ಗೆರೆ ಅಡ್ಡವಾಗುತ್ತದೆ, ಆದ್ದರಿಂದ ಒಳಗಿನದಕ್ಕೆ ಬಿಳಿ ಬೋರ್ಡೇ ಲೇಸು.

ಅಲ್ಲಿಗೆ ಒಂದು ಬೋರ್ಡಿಗೆ ಎರಡು ಪೆಟ್ಟಿಗೆ, ಶೆಲ್ಫ್ ಸಮೇತ. ಬಾಗಿಲುಗಳ ಲೆಕ್ಕ ಇನ್ನೂ ಚೆಂದ. ಜೋಡಿ ಬಾಗಿಲಿನಲ್ಲಿ ಒಂದೊಂದು 717 × 297. ಬೋರ್ಡಿನ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು, ಒಟ್ಟು 12 ಬಾಗಿಲು. ಹಿಂಬದಿಗೆ 720 × 600ರ ತೆಳು ಹಲಗೆ, 8 ಮಿ.ಮೀ. ಆದರೂ ಸಾಕು, ಒಂದು ಬೋರ್ಡಿನಲ್ಲಿ ಆರು ಬರುತ್ತವೆ. ಪೆಟ್ಟಿಗೆಗೆ ಮೂರು, ಬಾಗಿಲಿಗೆ ಒಂದು, ಹಿಂಬದಿಗೆ ಒಂದು: ಐದು ಬೋರ್ಡಿನಲ್ಲಿ ಆರು ಪೆಟ್ಟಿಗೆ, ಸುಮಾರು 12 ಅಡಿ ಉದ್ದದ ಕಟ್ಟೆ ತುಂಬುತ್ತದೆ. ಪೆಟ್ಟಿಗೆಯ ಅಳತೆಯನ್ನು ಮೊದಲು ನಿಗದಿ ಮಾಡಿ ಬೋರ್ಡಿಗೆ ಹೊಂದಿಸಲು ಹೊರಟರೆ ಇಷ್ಟು ಕಡಿಮೆ ಚೂರು ಉಳಿಯುವುದಿಲ್ಲ. ಅಳತೆಯನ್ನು ಬೋರ್ಡಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಗ್ರಾನೈಟ್ ಆಗಲೇ ಹಾಸಿರುವ ಮನೆಯಾದರೆ ಎತ್ತರವನ್ನು ಮೂರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆಯಿರುವುದನ್ನು ಹಿಡಿಯಿರಿ, ಅದಕ್ಕೂ 5 ಮಿ.ಮೀ. ಕಡಿಮೆ ಮಾಡಿ. ಕಲ್ಲು ಹಾಸಿದ ಕಟ್ಟೆ ಒಂದೇ ಮಟ್ಟದಲ್ಲಿ ಇರುವುದು ಅಪರೂಪ. ತಿರುಗಿಸಿ ಏರಿಸಬಹುದಾದ ಕಾಲುಗಳು ಉಳಿದ ವ್ಯತ್ಯಾಸವನ್ನು ನುಂಗುತ್ತವೆ.

## ಕೊಯ್ಯಿಸುವುದು

ಮೆಲಮೈನ್ ಗಟ್ಟಿ, ಆದರೆ ಪೆಡಸು. ಸಾಮಾನ್ಯ ಬ್ಲೇಡು ಹೊರಬರುವ ಬದಿಯಲ್ಲಿ ಚಕ್ಕೆ ಎಬ್ಬಿಸುತ್ತದೆ. ಕಾರ್ಖಾನೆಯ ಪ್ಯಾನಲ್ ಸಾ ಯಂತ್ರದಲ್ಲಿ ಮುಖ್ಯ ಬ್ಲೇಡಿಗೂ ಮುಂಚೆ ಒಂದು ಪುಟ್ಟ ಬ್ಲೇಡು ಕೆಳಗಿನಿಂದ ಗೆರೆ ಕೊರೆಯುತ್ತಾ ಸಾಗುತ್ತದೆ, ಅದರಿಂದ ಎರಡೂ ಬದಿ ಶುದ್ಧವಾಗಿ ಬರುತ್ತದೆ. ನನ್ನ ಮಟ್ಟಿಗೆ, ಮನೆಯಲ್ಲಿ ಮಾಡಲೇಬಾರದ ಒಂದೇ ಕೆಲಸ ಬೋರ್ಡು ಕೊಯ್ಯುವುದು. ಬೆಂಗಳೂರಿನ ಸಿದ್ದಯ್ಯ ರಸ್ತೆ, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಂಥ ಕಡೆ ಪ್ಲೈವುಡ್ ವ್ಯಾಪಾರಿಗಳನ್ನು ವಿಚಾರಿಸಿದರೆ ಪಟ್ಟಿ ಕೊಟ್ಟ ಹಾಗೆ ಕೊಯ್ದು ಅಂಚನ್ನೂ ಕಟ್ಟಿಕೊಡುವ ಘಟಕಗಳು ಗೊತ್ತಾಗುತ್ತವೆ. ಕೊಯ್ಯುವ ಕೂಲಿ ದಂಡವೆನಿಸಬಹುದು. ಚಕ್ಕೆ ಎದ್ದ ಒಂದು ಬೋರ್ಡಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಮನೆಯಲ್ಲೇ ಕೊಯ್ಯಬೇಕಾಗಿ ಬಂದರೆ 60 ಹಲ್ಲಿನ ಕಾರ್ಬೈಡ್ ಬ್ಲೇಡು ಹಾಕಿ, ಗೆರೆಯ ಮೇಲೆ ಟೇಪ್ ಅಂಟಿಸಿ, ಚೂಪು ಚಾಕುವಿನಿಂದ ಹೊದಿಕೆಯನ್ನು ಮೊದಲೇ ಕೊರೆದು, ನೇರ ಪಟ್ಟಿಯ ಆಸರೆಯಲ್ಲಿ ಗರಗಸ ನಡೆಸಿ. ಧೂಳು ಸಣ್ಣದು, ರಾಳ ಬೆರೆತದ್ದು. ಒಳ್ಳೆಯ ಮಾಸ್ಕ್ ಇಲ್ಲದೆ ಬ್ಲೇಡು ಓಡಿಸಬೇಡಿ.

## ಅಂಚು

ಕೊಯ್ದ ಅಂಚಿಗೆ ಪಿವಿಸಿ ಪಟ್ಟಿ ಕಟ್ಟುವುದೇ ಎಡ್ಜ್ ಬ್ಯಾಂಡಿಂಗ್. 18ರ ಬೋರ್ಡಿಗೆ 22 ಮಿ.ಮೀ. ಅಗಲದ ಪಟ್ಟಿ ಬರುತ್ತದೆ. ಹೆಚ್ಚಿನದನ್ನು ಅಂಟಿಸಿದ ಮೇಲೆ ತರಿದುಹಾಕುತ್ತಾರೆ. ಪೆಟ್ಟಿಗೆಗೆ 0.8 ಮಿ.ಮೀ. ದಪ್ಪದ್ದು, ಕೈ, ಪಾತ್ರೆ, ಮಕ್ಕಳ ಸೈಕಲ್ ತಾಗುವ ಬಾಗಿಲಿಗೆ 2 ಮಿ.ಮೀ. ದಪ್ಪದ್ದು ಒಪ್ಪುತ್ತದೆ. ಹೀಗೆ ದಪ್ಪ ಪಟ್ಟಿ ಹಾಕುವಾಗ ಕೊಯ್ಯುವ ಅಳತೆ ಎರಡೂ ದಿಕ್ಕಿಗೆ ನಾಲ್ಕು ಕಡಿಮೆಯಾಗಬೇಕು: 717 × 297ರ ಬಾಗಿಲನ್ನು 713 × 293ಕ್ಕೆ ಕೊಯ್ಯಿಸಿ.

ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸುವ, ಹಿಂಬದಿಗೆ ಅಂಟು ಸವರಿದ ಪಟ್ಟಿಗಳೂ ಸಿಗುತ್ತವೆ. ಪುಸ್ತಕದ ಕಪಾಟಿಗೆ ಸಾಕು. ಒಲೆಯ ಹತ್ತಿರ ಅವು ನಿಲ್ಲುವುದಿಲ್ಲ, ಬಿಸಿಯಿಂದ ಹತ್ತಿದ ಅಂಟು ಬಿಸಿಗೇ ಸಡಿಲವಾಗುತ್ತದೆ.

ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಅಂಚಿಗಷ್ಟೇ ಪಟ್ಟಿ ಕಟ್ಟುತ್ತಾರೆ. ಕಾಣದ ಅಂಚುಗಳೇ ನೀರು ಕುಡಿಯುವುದು: ಪಕ್ಕೆಯ ಕೆಳತುದಿ, ಗೋಡೆಗೆ ಆತುಕೊಳ್ಳುವ ಹಿಂಬದಿ, ಪೈಪಿಗಾಗಿ ಕೊರೆದ ತೂತಿನ ಒಳಸುತ್ತು. ನಾಲ್ಕೂ ಅಂಚಿಗೆ ಪಟ್ಟಿ ಹಾಕಿಸಿ. ಪೈಪಿನ ತೂತಿಗೆ ಸಿಲಿಕೋನ್ ಸವರಿ.

## ಜೋಡಣೆ

ಫೆವಿಕಾಲಿನಂಥ ಬಿಳಿ ಅಂಟು ಮೆಲಮೈನ್ ಮೈಗೆ ಹಿಡಿಯುವುದಿಲ್ಲ, ಅದಕ್ಕೆ ಹೀರಿಕೊಳ್ಳುವ ಮರ ಬೇಕು. ಹಾಗಾಗಿ ಇಲ್ಲಿ ಬಲವೆಲ್ಲ ಸ್ಕ್ರೂಗಳದ್ದು. ಮೊಳೆ ಹೊಡೆದರೆ ಪಾರ್ಟಿಕಲ್ ಬೋರ್ಡಿನ ಅಂಚು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಈ ಬೋರ್ಡಿಗೆಂದೇ ಮಾಡಿದ, ದಪ್ಪ ಮೈಯ, ಅಗಲ ಮರೆಯ (ಥ್ರೆಡ್ಡಿನ) 7 × 50 ಮಿ.ಮೀ. ಕನ್ಫರ್ಮ್ಯಾಟ್ ಸ್ಕ್ರೂ ಎಲ್ಲಕ್ಕಿಂತ ನಂಬಿಕಸ್ಥ. ಅಂಚಿನ ಒಳಗೆ 5, ಪಕ್ಕೆಯ ಮೂಲಕ 7 ಮಿ.ಮೀ. ತೂತು ಮೊದಲೇ ಕೊರೆಯಬೇಕು. ಸಿಗದಿದ್ದರೆ 4 × 50ರ ಚಿಪ್‌ಬೋರ್ಡ್ ಸ್ಕ್ರೂ, ಅದಕ್ಕೂ ಮೊದಲು ಸಣ್ಣ ತೂತು ಕಡ್ಡಾಯ. ಡ್ರಿಲ್ಲಿನ ವೇಗ ತಗ್ಗಿಸಿ, ತಲೆ ಕೂತ ಕೂಡಲೇ ನಿಲ್ಲಿಸಿ. ಮರೆ ಒಮ್ಮೆ ಸುತ್ತಿಹೋದರೆ ಆ ತೂತು ಮತ್ತೆ ಹಿಡಿಯುವುದಿಲ್ಲ.

ಸ್ಕ್ರೂ ಹಾಕಿದ ಮೇಲೆ ಎರಡು ಕರ್ಣಗಳನ್ನು ಅಳೆಯಿರಿ. ನಮ್ಮ 720 × 600ರ ಪೆಟ್ಟಿಗೆಗೆ ಎರಡೂ 937 ಮಿ.ಮೀ. ಬರಬೇಕು. ಒಂದು 940, ಇನ್ನೊಂದು 934 ಬಂದರೆ ಉದ್ದನೆಯ ಕರ್ಣದ ಮೂಲೆಗಳನ್ನು ಒತ್ತಿ ಸಮ ಮಾಡಿ, ಆಮೇಲಷ್ಟೇ ಹಿಂಬದಿಯ ಹಲಗೆಗೆ ಸ್ಕ್ರೂ ಹಾಕಿ. ಪೆಟ್ಟಿಗೆಯನ್ನು ಚೌಕಕ್ಕೆ ಹಿಡಿದಿಡುವುದು ಆ ತೆಳು ಹಲಗೆಯೇ. ಬಾಗಿಲು ಸೊಟ್ಟ ಕೂತಾಗ ಹಿಂಜನ್ನು ದೂರುತ್ತಾರೆ, ಬಹಳ ಸಲ ದೋಷ ಈ ಕರ್ಣದಲ್ಲಿರುತ್ತದೆ.

ಶೆಲ್ಫ್ 600 ಅಗಲಕ್ಕೆ ನೆಟ್ಟಗಿರುತ್ತದೆ. 900ಕ್ಕೆ ಹೋದರೆ ಬಾಗುತ್ತದೆ, ಅದೂ ನಾವು ಊಹಿಸುವುದಕ್ಕಿಂತ ಬೇಗ. ಉದ್ದಕ್ಕೂ ಒಂದೇ ಸಮನೆ ಭಾರವಿರುವ ಹಲಗೆಯ ಬಾಗು ಉದ್ದದ ನಾಲ್ಕನೇ ಘಾತಕ್ಕೆ ಏರುತ್ತದೆ. ಒಂದೂವರೆ ಪಟ್ಟು ಉದ್ದಕ್ಕೆ ಐದು ಪಟ್ಟು ಬಾಗು. ಅಕ್ಕಿ, ಬೇಳೆಯ ಡಬ್ಬಗಳಿಗೆ 600 ದಾಟಬೇಡಿ, ದಾಟಲೇಬೇಕಿದ್ದರೆ ನಡುವೆ ಒಂದು ಅಡ್ಡಗೋಡೆ ನಿಲ್ಲಿಸಿ.

## ಹಿಂಜು

ಕಪಾಟಿಗೆ ಬಳಸುವುದು ಒಳಗೆ ಅಡಗುವ ಆಟೋ ಹಿಂಜು. ಬಾಗಿಲಿನ ಒಳಮೈಯಲ್ಲಿ 35 ಮಿ.ಮೀ. ವ್ಯಾಸದ ಬಟ್ಟಲು ಕೂರುತ್ತದೆ. ಅದಕ್ಕೆ 35ರ ಫಾರ್ಸ್ಟ್‌ನರ್ ಬಿಟ್ ಬೇಕು. ತೂತಿನ ಕೇಂದ್ರ ಬಾಗಿಲಿನ ಅಂಚಿನಿಂದ ಸುಮಾರು 22 ಮಿ.ಮೀ., ಆಳ 12ರಿಂದ 13. ಬಿಟ್ಟಿಗೆ ಆಳದ ಗುರುತಾಗಿ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಮೊನೆ ಆಚೆ ಬದಿಗೆ ಇಣುಕುತ್ತದೆ. ಪೆಟ್ಟಿಗೆಯ ಒಳಪಕ್ಕೆಯಲ್ಲಿ ಪ್ಲೇಟಿನ ತೂತುಗಳು ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ, ಒಂದರಿಂದ ಒಂದಕ್ಕೆ 32 ಮಿ.ಮೀ. ಅಂತರದಲ್ಲಿ ಬರುತ್ತವೆ. ಈ 37, 32ರ ಲೆಕ್ಕ ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಪೀಠೋಪಕರಣ ಕಾರ್ಖಾನೆಗಳಲ್ಲಿ ಬೇರೂರಿ ಜಗತ್ತಿಗೆಲ್ಲ ಹರಡಿತು. ಹಿಡಿಕೆಗಳ ತೂತಿನ ಅಂತರ 96, 128, 160 ಇರುವುದೂ ಅದೇ 32ರ ಮಗ್ಗಿಯಿಂದ.

ಅಂಗಡಿಯವರು ಮೊದಲು ಕೇಳುವುದು ‘ಎಷ್ಟು ಕ್ರ್ಯಾಂಕ್?’ ಎಂದು. ಬಾಗಿಲು ಪಕ್ಕೆಯ ಅಂಚನ್ನು ಪೂರ್ತಿ ಮುಚ್ಚಿದರೆ 0 ಕ್ರ್ಯಾಂಕ್. ನಡುವಿನ ಒಂದೇ ಪಕ್ಕೆಯನ್ನು ಎರಡು ಬಾಗಿಲು ಹಂಚಿಕೊಂಡರೆ 8. ಬಾಗಿಲು ಪೆಟ್ಟಿಗೆಯ ಒಳಗೇ ಕೂತರೆ 15 ಅಥವಾ 16. ಬಿಡಿ ಪೆಟ್ಟಿಗೆಗಳ ಸಾಲಿಗೆ ಬೇಕಾಗುವುದೆಲ್ಲ 0. ಒಂದೇ ಬಗೆಯದನ್ನು ಒಟ್ಟಿಗೆ ಕೊಂಡರೆ ಚೌಕಾಸಿಗೂ ಅನುಕೂಲ. 900 ಮಿ.ಮೀ. ಎತ್ತರದವರೆಗಿನ ಬಾಗಿಲಿಗೆ ಎರಡು ಹಿಂಜು, 1600ರವರೆಗೆ ಮೂರು, 2000ದವರೆಗೆ ನಾಲ್ಕು.

ಒಳ್ಳೆಯ ಹಿಂಜನ್ನು ಕೈಯಲ್ಲೇ ಗುರುತಿಸಬಹುದು. ಅರ್ಧ ತೆರೆದು ತೋಳನ್ನು ಆಚೀಚೆ ಅಲುಗಿಸಿ. ಕೀಲಿನಲ್ಲಿ ಲೊಡಲೊಡ ಇದ್ದರೆ ಹಿಂದಿರುಗಿಸಿ. ಮೂರು ದಿಕ್ಕಿಗೂ, ಅಂದರೆ ಪಕ್ಕಕ್ಕೆ, ಒಳಹೊರಗೆ, ಮೇಲೆಕೆಳಗೆ, ಸರಿಹೊಂದಿಸುವ ಸ್ಕ್ರೂ ಇರಬೇಕು. ಪ್ಲೇಟಿಗೆ ಒತ್ತಿದರೆ ಕೂತು, ಗುಂಡಿ ಒತ್ತಿದರೆ ಕಳಚುವ ಕ್ಲಿಪ್ ಬಗೆಗೆ ಸ್ವಲ್ಪ ಹೆಚ್ಚು ಕೊಡುವುದು ಸಾರ್ಥಕ, ದೀಪಾವಳಿಗೆ ಬಾಗಿಲು ಕಳಚಿ ಒರೆಸಿ ಮತ್ತೆ ಹಾಕಲು ಸ್ಕ್ರೂಡ್ರೈವರ್ ಬೇಕಾಗುವುದಿಲ್ಲ. ಸದ್ದಿಲ್ಲದೆ ಮುಚ್ಚುವ ಸಾಫ್ಟ್ ಕ್ಲೋಸ್ ಮಾತ್ರ ಈಗಲೇ ಎಲ್ಲಕ್ಕೂ ಬೇಕಿಲ್ಲ. ಸಾದಾ ಹಿಂಜಿರುವ ಬಾಗಿಲಿಗೂ ಒಳಗೊಂದು ಪುಟ್ಟ ಡ್ಯಾಂಪರ್ ಆಮೇಲೆ ಸೇರಿಸಬಹುದು.

## ಚಾನಲ್ಲು ಮತ್ತು ಡ್ರಾಯರ್

ಕಟ್ಟೆಯ ಕೆಳಗೆ ಬಾಗಿಲಿಗಿಂತ ಡ್ರಾಯರ್ ಹೆಚ್ಚು ಉಪಯೋಗ; ಮಂಡಿ ನೋಯುವ ಅಮ್ಮ, ಅತ್ತೆ ಇರುವ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರರಲ್ಲಿ ಎರಡು ಪೆಟ್ಟಿಗೆಯನ್ನಾದರೂ ಮೂರು ಡ್ರಾಯರಿನದಾಗಿ ಮಾಡಿ. ಎಂಟು ಹಿಂಜು ಉಳಿಯುತ್ತವೆ, ಆರು ಜೊತೆ ಚಾನಲ್ಲು ಬೇಕಾಗುತ್ತವೆ.

ಕೈಗೆಟಕುವ ಬೆಲೆಗೆ ಅತ್ಯುತ್ತಮವಾದದ್ದು ಗುಂಡುಗಳ ಮೇಲೆ ಓಡುವ 45 ಮಿ.ಮೀ. ಅಗಲದ ಟೆಲಿಸ್ಕೋಪಿಕ್ ಚಾನಲ್ಲು. ಡ್ರಾಯರಿನ ಆಚೀಚೆ 12.7 ಮಿ.ಮೀ., ಅಂದರೆ ಅರ್ಧ ಇಂಚು ಜಾಗ ಬೇಡುತ್ತದೆ. ನಮ್ಮ 564ರ ತೆರವಿನಲ್ಲಿ ಡ್ರಾಯರಿನ ಹೊರ ಅಗಲ 538 ಆಗಬೇಕು. 540 ಆದರೆ ಓಡುವುದಿಲ್ಲ. 537 ಆದರೆ ಒಂದು ತೆಳು ರಟ್ಟಿನ ಚೂರು ಹಿಂದೆ ಸಿಗಿಸಿ ಸರಿಮಾಡಬಹುದು. ಆದ್ದರಿಂದ ಪೆಟ್ಟಿಗೆ ಕಟ್ಟಿ ಮುಗಿದ ಮೇಲೆ ತೆರವನ್ನು ಅಳೆದು ನಂತರ ಡ್ರಾಯರ್ ಕೊಯ್ಯಿಸಿ. 560 ಆಳಕ್ಕೆ 20 ಇಂಚಿನ ಚಾನಲ್ಲು ಸರಿಹೋಗುತ್ತದೆ. ಕೊಳ್ಳುವಾಗ ಒಂದು ಜೊತೆಯನ್ನು ಪೂರ್ತಿ ಎಳೆದು ತುದಿಯನ್ನು ಮೇಲೆಕೆಳಗೆ ಅಲುಗಿಸಿ, ಇನ್ನೊಂದು ತಯಾರಿಕೆಯದರ ಜೊತೆ ತೂಗಿ ನೋಡಿ. ಒಂದೇ ಉದ್ದದಲ್ಲಿ ಹಗುರವಿರುವುದು ತೆಳು ತಗಡಿನದು.

## ಎಲ್ಲಿ ಕೈ ಬಿಗಿಹಿಡಿಯಬಹುದು

ಹಿಂಜು, ಚಾನಲ್ಲಿಗೆ ಹೆಸರಿರುವ ತಯಾರಿಕೆಯನ್ನೇ ಆರಿಸಿ: ಎಬ್ಕೋ, ಹೆಟಿಚ್, ಹಾಫೆಲೆಯಂಥವು ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತವೆ, ಒಂದು ಕೆಟ್ಟರೆ ಅದೇ ತೂತಿಗೆ ಹೊಂದುವ ಇನ್ನೊಂದು ತರಬಹುದು. ಹಣ ಉಳಿಸುವ ದಾರಿ ಅಗ್ಗದ ಹಿಂಜು ಕೊಳ್ಳುವುದರಲ್ಲಿಲ್ಲ, ಚಲಿಸುವ ಭಾಗಗಳನ್ನೇ ಕಡಿಮೆ ಮಾಡುವುದರಲ್ಲಿದೆ. ಮೂಲೆಯ ತಿರುಗು ತಟ್ಟೆ, ಮೇಲಕ್ಕೇಳುವ ಬಾಗಿಲಿನ ಗ್ಯಾಸ್ ಪಂಪು, ಎತ್ತರದ ಎಳೆಯುವ ಪ್ಯಾಂಟ್ರಿ ಇವೆಲ್ಲ ಬೆಲೆಗೆ ತಕ್ಕಷ್ಟು ಕೆಲಸ ಮಾಡುವುದಿಲ್ಲ. ಹಿಡಿಕೆಗಳು ಅಗ್ಗದವೇ ಇರಲಿ. 128ರ ಅಂತರದ್ದನ್ನು ಕೊಂಡರೆ ಮುಂದೆ ಕೈಯಲ್ಲಿ ಹಣವಿದ್ದಾಗ ಹೊಸ ತೂತಿಲ್ಲದೆ ಬದಲಿಸಬಹುದು.

ತಂತಿ ಬುಟ್ಟಿಗಳ ವಿಷಯದಲ್ಲಿ ಎಚ್ಚರ ಬೇಕು. ಅವು ಸ್ಟೀಲ್ ಎಂದು ತೋರಿಸಲು ಅಂಗಡಿಯಲ್ಲಿ ಆಯಸ್ಕಾಂತ ಹಿಡಿಯುತ್ತಾರೆ. 202 ಮತ್ತು 304, ಎರಡೂ ದರ್ಜೆಯ ಸ್ಟೀಲಿಗೆ ಆಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆಯಿಂದ ದರ್ಜೆ ತಿಳಿಯದು. 304ರಲ್ಲಿ ನಿಕ್ಕಲ್ ಹೆಚ್ಚು. 202ರಲ್ಲಿ ಅದನ್ನು ಇಳಿಸಿ ಮ್ಯಾಂಗನೀಸ್ ಏರಿಸಿರುತ್ತಾರೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ 202 ಬೇಗ ಕಂದುತ್ತದೆ. ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳಿ. ತಟ್ಟೆ, ಲೋಟಗಳಿಗೆ ಬಿಟ್ಟು ಉಳಿದೆಡೆ ಬುಟ್ಟಿಯ ಬದಲು ಬೋರ್ಡಿನ ಡ್ರಾಯರೇ ಮೇಲು. ಸಣ್ಣ ಡಬ್ಬ ಅದರಲ್ಲಿ ಓರೆಯಾಗುವುದಿಲ್ಲ.

## ಗೋಡೆಯ ಮೇಲಿನ ಪೆಟ್ಟಿಗೆ

ಮೇಲಿನ ಕಪಾಟಿಗೆ ಆಳ 300 ಮಿ.ಮೀ. ಸಾಕು. 8 ಮಿ.ಮೀ. ಹಿಂಬದಿಯ ಮೂಲಕ ಸ್ಕ್ರೂ ಹೊಡೆದು ಇಡೀ ಭಾರವನ್ನು ನೇತುಹಾಕುವುದು ಅಪಾಯ. ಸ್ಟೀಲ್ ಪಾತ್ರೆ ತುಂಬಿದ ದಿನ ಹಲಗೆ ಹರಿದುಕೊಂಡು ಬರುತ್ತದೆ. ಒಳಗೆ ಮೇಲ್ತುದಿಗೆ 18 ಮಿ.ಮೀ.ನ ಅಡ್ಡಪಟ್ಟಿ ಕೊಟ್ಟು ಎರಡೂ ಪಕ್ಕೆಗೆ ಬಿಗಿದು, ಅದರ ಮೂಲಕ ಗೋಡೆಗೆ ಹಿಡಿಸಿ. ಲೋಹದ ತೂಗುಪಟ್ಟಿ ಮತ್ತು ಕೊಕ್ಕೆಯ ಜೋಡಿ ಇನ್ನೂ ಸಲೀಸು, ಪಟ್ಟಿಯನ್ನು ಮಟ್ಟ ನೋಡಿ ಗೋಡೆಗೆ ಹೊಡೆದರೆ ಪೆಟ್ಟಿಗೆಗಳನ್ನು ಒಂದೊಂದಾಗಿ ಸಿಗಿಸುತ್ತಾ ಹೋಗಬಹುದು. ಇಟ್ಟಿಗೆ, ಘನ ಕಾಂಕ್ರೀಟ್ ಬ್ಲಾಕಿನ ಗೋಡೆಗೆ 10 ಮಿ.ಮೀ. ನೈಲಾನ್ ಪ್ಲಗ್ ಹಿಡಿಯುತ್ತದೆ. ಪ್ಲಾಸ್ಟರಿನ ದಪ್ಪ ದಾಟಿ ಇಟ್ಟಿಗೆಯೊಳಗೆ ಪೂರ್ತಿ ಇಳಿಯುವಷ್ಟು ಉದ್ದದ್ದಿರಲಿ. ಟೊಳ್ಳು ಬ್ಲಾಕು, ಹಗುರ ಬ್ಲಾಕಿನ ಗೋಡೆಗೆ ಅದಕ್ಕೆಂದೇ ಬರುವ ಪ್ಲಗ್ ಬೇರೆ. ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೂ ಕೆಳಕ್ಕೂ ತೂತು ಕೊರೆಯಬೇಡಿ, ವೈರಿನ ಪೈಪು ಸಾಮಾನ್ಯವಾಗಿ ಆ ಗೆರೆಯಲ್ಲೇ ಹೋಗಿರುತ್ತದೆ. ಎಲ್ಲ ಪೆಟ್ಟಿಗೆ ಸಿಗಿಸಿ, ಪಕ್ಕೆಯಿಂದ ಪಕ್ಕೆಗೆ ಜೋಡಿಸುವ ಸ್ಕ್ರೂ ಬಿಗಿದ ಮೇಲೆ ಬಾಗಿಲು ಹಾಕಿ, ಹಿಂಜಿನ ಸ್ಕ್ರೂ ತಿರುಗಿಸುತ್ತಾ ಬಾಗಿಲುಗಳ ನಡುವಿನ ಸಂದನ್ನು 3 ಮಿ.ಮೀ.ಗೆ ತನ್ನಿ.